‘ನಡ್ಜ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕಲಬುರಗಿಯಲ್ಲಿ ಪಂಚಾಯಿತಿ ಸದಸ್ಯರ ತರಬೇತಿಗೆಂದು ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ನಡ್ಜ್’ (nudge) ಎಂಬ ಇಂಗ್ಲಿಷ್ ಪದದ ಹತ್ತಿರ ನಾಲ್ಕು ದಿನದಿಂದ ನಿಂತುಬಿಟ್ಟಿದ್ದೇನೆ.

ಸರ್ಕಾರ ಜನರಿಂದ ಒಂದು ಕೆಲಸ ಮಾಡಿಸಬೇಕು. ಬಲವಂತ ಇಲ್ಲ, ದಂಡ ಇಲ್ಲ, ದುಡ್ಡಿನ ಆಸೆಯೂ ಇಲ್ಲ. ಆಯ್ಕೆಯನ್ನು ಮುಂದಿಡುವ ರೀತಿ ಮಾತ್ರ ಬದಲಾಗುತ್ತದೆ. ಇದಕ್ಕೇ ‘ನಡ್ಜ್’ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಮೊದಲು ಕಂಪನಿಯ ಪಿಂಚಣಿ ಬೇಕೆಂದವರು ತಾವಾಗಿ ಹೋಗಿ ಸೇರಬೇಕಿತ್ತು. 2012ರಿಂದ ಕಂಪನಿಯೇ ಸೇರಿಸುತ್ತದೆ, ಬೇಡವೆಂದವರು ಹೇಳಿ ಹೊರಬರಬಹುದು. ಇಷ್ಟಕ್ಕೇ ಸೇರಿದವರ ಸಂಖ್ಯೆ ಬಹಳ ಜಾಸ್ತಿ ಆಯಿತು. ನಡ್ಜ್ ವಿಚಾರವನ್ನು ಬೆಳೆಸಿದ ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನಮ್ಮ ಕಡೆ ಮೊದಲು ಬಾಯಿಗೆ ಬರುವ ಪದ ‘ತಾಕೀದು’. ಆದರೆ ಅದರಲ್ಲಿ ಗದರಿಕೆ ಇದೆ. ಹೆಲ್ಮೆಟ್ ಹಾಕದಿದ್ದರೆ 500 ರೂಪಾಯಿ ದಂಡ ಅಂತಾರಲ್ಲ, ಅದರ ಹಿಂದಿರುವುದು ತಾಕೀದು. ‘ಪ್ರೇರಣೆ’ ತೀರಾ ಅಗಲ, ಒಂದು ಭಾಷಣದಿಂದಲೂ ಪ್ರೇರಣೆ ಸಿಗುತ್ತದೆ. ‘ತಿವಿತ’ ಇಂಗ್ಲಿಷ್ ಪದದ ಮೂಲ ಅರ್ಥಕ್ಕೆ (ಮೊಣಕೈಯಿಂದ ಮೆಲ್ಲಗೆ ತಿವಿಯುವುದು) ಹತ್ತಿರ, ಆದರೆ ತಿವಿದರೆ ನೋವಾಗುತ್ತದೆ ಅಲ್ವಾ? ‘ಪುಸಲಾಯಿಸು’ ಅಂದರಂತೂ ಮುಗೀತು. ಪೇಪರಿನ ಅಪರಾಧ ಸುದ್ದಿಗಳಲ್ಲಿ ಓದಿ ಓದಿ ಆ ಪದಕ್ಕೆ ಮೋಸದ ವಾಸನೆ ಅಂಟಿದೆ. ಸರ್ಕಾರ ನಮ್ಮನ್ನು ಪುಸಲಾಯಿಸುತ್ತಿದೆ ಎಂದು ಸದಸ್ಯರಿಗೆ ಹೇಗೆ ಹೇಳಲಿ?

ನನಗೆ ಹಿಡಿಸಿದ್ದು ‘ಸನ್ನೆ’. ಕಣ್ಸನ್ನೆ ಮಾಡಿದರೆ ಕೇಳುವುದು ಬಿಡುವುದು ಎದುರಿನವರಿಗೆ ಸೇರಿದ್ದು. ಸನ್ನೆಕೋಲಿನಲ್ಲೂ ‘ಸನ್ನೆ’ ಇದೆ: ಸಣ್ಣ ಬಲ, ಅಲುಗುವುದು ದೊಡ್ಡ ಕಲ್ಲು. ಎರಡೂ ಅರ್ಥ ಇಲ್ಲಿ ಕೂಡಿಬರುತ್ತವೆ. ತೊಡಕು ಒಂದೇ. ಸನ್ನೆ ಕಣ್ಣಿಗೆ ಕಾಣುತ್ತದೆ, ಪಿಂಚಣಿಯಂಥ ಏರ್ಪಾಡು ಎಷ್ಟೋ ಜನರಿಗೆ ಕಾಣುವುದೇ ಇಲ್ಲ.

ಇನ್ನೊಂದು ಪದ ನಮ್ಮ ಮನೆಯದು. ಕೂಸು ಉಣ್ಣದೆ ಹಟ ಮಾಡಿದರೆ ಅವ್ವ ‘ರಮಿಸಿ’ ಉಣಿಸುತ್ತಾಳೆ. ಬೈಯುವುದಿಲ್ಲ, ಸುಳ್ಳೂ ಹೇಳುವುದಿಲ್ಲ. ತಟ್ಟೆಯನ್ನು ಆ ಕಡೆಯಿಂದ ಈ ಕಡೆ ಇಡುತ್ತಾಳೆ, ತುತ್ತು ಸಣ್ಣದು ಮಾಡುತ್ತಾಳೆ. ನನಗೆ ಬೇಕಾದ ಅರ್ಥ ಪೂರ್ತಿ ಇದರಲ್ಲಿದೆ! ಆದರೆ ಪುಸ್ತಕದ ಕನ್ನಡದಲ್ಲಿ ‘ರಮಿಸು’ ಅಂದರೆ ಗಂಡು ಹೆಣ್ಣಿನ ಮಾತು. ಜೊತೆಗೆ, ದೊಡ್ಡವರನ್ನು ಕೂಸಿನಂತೆ ಕಂಡ ಹಾಗೂ ಆಗಬಹುದು.

ಬೀದರ್, ಯಾದಗಿರಿ ಕಡೆಯವರು ದೊಡ್ಡವರಿಗೂ ‘ರಮಿಸು’ ಅಂತೀರಾ? ಮೈಸೂರು ಕಡೆಯವರಿಗೆ ಈ ಪದ ಓದಿದ ಕೂಡಲೇ ಮನಸ್ಸಿಗೆ ಏನು ಬರುತ್ತದೆ? ಬರುವ ವಾರ ಕೈಪಿಡಿ ಅಚ್ಚಿಗೆ ಹೋಗುತ್ತದೆ. ಅಷ್ಟರಲ್ಲಿ ದಯವಿಟ್ಟು ತಿಳಿಸಿ.