ಟ್ರಾವೆಲರ್ ಚಾವಣಿಗೆ ರೂಫ್ ಲೈಟ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಳೇ ಫೋರ್ಸ್ ಟ್ರಾವೆಲರ್ ಒಂದನ್ನು ಕ್ಯಾಂಪರ್ ವ್ಯಾನ್ ಮಾಡುತ್ತಿದ್ದೇನೆ. ಮಂಚ, ಅಡುಗೆ ಕಟ್ಟೆ ಎಲ್ಲ ಆಯಿತು. ಈಗ ಚಾವಣಿಗೆ ತೆರೆಯುವಂಥ ರೂಫ್ ಲೈಟ್ (ದೀಪ ಅಲ್ಲ, ಚಾವಣಿ ಕಿಟಕಿ) ಕೂರಿಸಬೇಕು. 400 × 400 ಮಿ.ಮೀ. ಅಳತೆಯದ್ದು ತರಿಸಿ ಒಂದು ತಿಂಗಳಾಯಿತು. ತಗಡು ಕತ್ತರಿಸಲು ಮಾತ್ರ ಕೈ ಬರುತ್ತಿಲ್ಲ!

ತೊಂದರೆ ಏನಂದ್ರೆ, ಚಾವಣಿ ಸಪಾಟಾಗಿಲ್ಲ. ಉದ್ದಕ್ಕೂ ಉಬ್ಬು ಪಟ್ಟಿಗಳಿವೆ. ಫ್ರೇಮ್ ಅದರ ಮೇಲೆ ಕೂತರೆ ನಡುವೆ ಸಂದು ಉಳಿಯುತ್ತದೆ. ನಮ್ಮದು ತೀರ್ಥಹಳ್ಳಿ ಕಡೆ, ಜೂನ್ ಬಂತೆಂದರೆ ಮಳೆ ಹೇಗೆ ಅಂತ ಗೊತ್ತಲ್ವಾ. ಆ ಸಂದಿಗೆ ಬರೀ ಸೀಲೆಂಟ್ ತುಂಬಿದರೆ ಸಾಕಾ? ಅಥವಾ ಅಲ್ಯೂಮಿನಿಯಂ ಪಟ್ಟಿ ಇಟ್ಟು ಮಟ್ಟ ಮಾಡಿ, ಆಮೇಲೆ ಬ್ಯುಟೈಲ್ ಟೇಪ್ (ಅಂಟುವ ಮೆತ್ತನೆ ರಬ್ಬರ್ ಪಟ್ಟಿ) ಹಾಕಬೇಕಾ?

ಗ್ಯಾರೇಜಿನವರು "ಸುಮ್ನೆ ಸಿಲಿಕೋನ್ ಬಳಿದುಬಿಡಿ ಸಾರ್" ಅಂದರು. ನನಗೆ ಧೈರ್ಯ ಬರಲಿಲ್ಲ. ಗಾಡಿ ಓಡುವಾಗ ತಗಡು ಅದುರುತ್ತಲೇ ಇರುತ್ತದೆ. ಸಿಲಿಕೋನ್ ಮೇಲೆ ಪೇಂಟೂ ಹಿಡಿಯುವುದಿಲ್ಲ. ಪಾಲಿಯುರೆಥೇನ್ ಸೀಲೆಂಟೇ ವಾಸಿ ಅನ್ನಿಸುತ್ತಿದೆ. ಬಳಸಿದವರು ಹೇಳಿ, ಎರಡು ಮಳೆಗಾಲ ತಡೆಯಿತಾ?

ಒಳಗಿನ ಅಡ್ಡಪಟ್ಟಿಗಳನ್ನು ಮುಟ್ಟುವುದಿಲ್ಲ. ಎರಡರ ನಡುವೆ ಜಾಗ ಸಾಲುತ್ತದೆ, ಅಳೆದು ನೋಡಿದ್ದೇನೆ. ಗ್ರೈಂಡರ್ ಕಿಡಿ ಹಾರಿ ಪೇಂಟ್ ಸುಡುತ್ತದೆ, ಹಾಗಾಗಿ ಜಿಗ್ ಸಾ (ಕರೆಂಟ್ ಗರಗಸ) ಹಿಡಿಯುವ ಯೋಚನೆ. ಕತ್ತರಿಸಿದ ಅಂಚಿಗೆ ತುಕ್ಕು ಹಿಡಿಯದಂತೆ ಜಿಂಕ್ ಪ್ರೈಮರ್ ತಂದಿಟ್ಟಿದ್ದೇನೆ.

ಇನ್ನೊಂದು. ಚಾವಣಿ ಕತ್ತರಿಸಿದ್ದಕ್ಕೆ ಆರ್‌ಟಿಒದಲ್ಲಿ ಬೇರೆ ಡ್ರಾಯಿಂಗ್ ಕೇಳಿದರಾ? ಟ್ರಾವೆಲರ್‌ಗೇ ಮಾಡಿಸಿದವರು ಇದ್ದರೆ ಫ್ರೇಮ್ ಹತ್ತಿರದ ಫೋಟೋ ಕಳಿಸಿ, ದಯವಿಟ್ಟು. ಮಳೆ ಶುರುವಾಗುವ ಮುಂಚೆ ಮುಗಿಸಬೇಕು.