ಕೌದಿ ಚೌಕಗಳ ಸಾಲು ತಪ್ಪದಂತೆ ಏನು ಮಾಡುತ್ತೀರಿ?

ಅಮ್ಮನ ಹಳೆ ಕಾಟನ್ ಸೀರೆಗಳಿಂದ ಕೌದಿ ಮಾಡುತ್ತಿದ್ದೇನೆ. ಚೌಕಗಳನ್ನು ಮೆಷಿನ್‌ನಲ್ಲಿ ಜೋಡಿಸಿ, ಆಮೇಲೆ ಕೈಹೊಲಿಗೆ ಹಾಕುವ ಯೋಚನೆ. ಅಡ್ಡಕ್ಕೆ 8, ಉದ್ದಕ್ಕೆ 10, ಒಟ್ಟು 80 ಚೌಕ. ಹಾಲ್‌ನಲ್ಲಿ ಹಾಸಿಟ್ಟು ಕುಕ್ಕರ್ ಇಳಿಸಿ ಬರುವಷ್ಟರಲ್ಲಿ ಯಾರೋ ಫ್ಯಾನ್ ಹಾಕಿದ್ದರು! ಮತ್ತೆ ಜೋಡಿಸಿದೆ. ಮೆಷಿನ್ ಹತ್ತಿರ ಒಯ್ಯುವಾಗ ಮೂರನೇ ಸಾಲು ತಿರುವುಮುರುವಾಯಿತು. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

*

ಫ್ಯಾನ್ ಕಥೆ ನಮ್ಮ ಮನೆಯಲ್ಲೂ ಆಗಿದೆ. ಈಗ ಬರೀ ನೆಲದ ಮೇಲೆ ಹಾಸುವುದೇ ಇಲ್ಲ. ಹಳೆ ಬೆಡ್‌ಶೀಟ್ ಮೇಲೆ ಹಾಸುತ್ತೇನೆ. ಏಳಬೇಕಾದರೆ ಮೇಲೊಂದು ಶೀಟ್ ಹೊದಿಸಿ, ಚಾಪೆಯ ಹಾಗೆ ಸುತ್ತಿ ಮಂಚದ ಕೆಳಗೆ ತಳ್ಳಿದರೆ ಆಯಿತು.

ಸಾಲು ಎತ್ತುವಾಗ ಎಡದ ಮೊದಲ ಚೌಕವನ್ನು ಎರಡನೆಯದರ ಮೇಲಿಡಿ. ಆ ಜೋಡಿಯನ್ನು ಮೂರನೆಯದರ ಮೇಲೆ. ಹೀಗೇ ಹೋದರೆ ಕೊನೆಗೆ ಮೊದಲನೆಯದೇ ಮೇಲಿರುತ್ತದೆ. ಅದಕ್ಕೆ ಸಾಲಿನ ನಂಬರ್ ಬರೆದ ಚೀಟಿಯನ್ನು ಸೇಫ್ಟಿ ಪಿನ್‌ನಿಂದ ಚುಚ್ಚಿ. ಯಾವಾಗಲೂ ಮೇಲಿನ ಎಡ ಮೂಲೆಗೇ ಚುಚ್ಚಬೇಕು. ಆಗ ಯಾವ ಬದಿ ಮೇಲೆ ಅನ್ನುವುದನ್ನೂ ಪಿನ್ನೇ ಹೇಳುತ್ತದೆ. ಸೀಮೆಸುಣ್ಣದಲ್ಲಿ ಬರೆದರೆ ಕೈ ತಾಗಿ ಅಳಿಸಿಹೋಗುತ್ತದೆ.

ಇನ್ನು ಹೊಲಿಗೆ. ನಂಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ. ಒಂದನೇ ಸಾಲಿನ ಮೊದಲ ಎರಡು ಚೌಕ ಹೊಲಿದ ಮೇಲೆ ದಾರ ಕತ್ತರಿಸಬೇಡಿ. ಎರಡನೇ ಸಾಲಿನ ಮೊದಲ ಜೋಡಿಯನ್ನು ಅದರ ಹಿಂದೆಯೇ ಮೆಷಿನ್‌ಗೆ ಕೊಡಿ. ಆಮೇಲೆ ಮೂರನೇ ಸಾಲಿನದು. ಹತ್ತು ಜೋಡಿಗಳು ತೋರಣದ ಹಾಗೆ ಒಂದೇ ದಾರದಲ್ಲಿ ನೇತಾಡುತ್ತವೆ. ಈಗ ಮತ್ತೆ ಮೇಲಿಂದ ಶುರು ಮಾಡಿ, ಪ್ರತಿ ಸಾಲಿಗೂ ಮೂರನೇ ಚೌಕ ಸೇರಿಸಿ. ಎಂಟನೇ ಚೌಕ ಮುಗಿಯುವ ಹೊತ್ತಿಗೆ ಹತ್ತೂ ಸಾಲು ದಾರದಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಾಲು ಅದಲುಬದಲಾಗಲು ದಾರಿಯೇ ಇಲ್ಲ. ಮಧ್ಯದಲ್ಲಿ ನಾಲ್ಕು ದಿನ ಬಿಟ್ಟರೂ ನಿಲ್ಲಿಸಿದ ಜಾಗ ಗೊತ್ತಾಗುತ್ತದೆ. ನಾನು ಒಮ್ಮೆ ಚಂದ ಕಾಣಲಿ ಅಂತ ಆ ದಾರಗಳನ್ನೆಲ್ಲ ಮೊದಲೇ ಕತ್ತರಿಸಿ, ಇಡೀ ಸಂಜೆ ಸಾಲು ಹುಡುಕುತ್ತಾ ಕೂತಿದ್ದೆ.

*

ಹಾಸಿದ ತಕ್ಷಣ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಅದನ್ನೇ ಕಪ್ಪು ಬಿಳುಪು ಮಾಡಿ ನೋಡಿದರೆ ಗಾಢ ಬಣ್ಣಗಳೆಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿದ್ದರೂ ಕಾಣುತ್ತದೆ.

*

ಸಾಲು ಸರಿಯಿದ್ದರೂ ಮೂಲೆ ಕೂಡದೆ ಇರಬಹುದು. 6 ಇಂಚಿನ ಚೌಕ ಬೇಕಾದರೆ ಆರೂವರೆಗೆ ಕತ್ತರಿಸಿ, ಎಲ್ಲ ಕಡೆ ಕಾಲಿಂಚು ಬಿಟ್ಟು ಹೊಲಿಯಬೇಕು. ಒಂದೊಂದು ಚೌಕವೂ ಇಂಚಿನ ಎಂಟನೇ ಒಂದು ಭಾಗ ಕಿರಿದಾದರೆ, ಎಂಟು ಚೌಕಕ್ಕೆ ಒಂದು ಇಂಚೇ ಹೋಯಿತು. ಇಸ್ತ್ರಿ ಮಾಡುವಾಗ ಹಿಂಬದಿಯಲ್ಲಿರುವ ಹೊಲಿಗೆಯ ಅಂಚನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನದರಲ್ಲಿ ಬಲಕ್ಕೆ ಮಡಚಿ. ಸಾಲು ಕೂಡಿಸುವಾಗ ಅಂಚುಗಳು ಒಂದಕ್ಕೊಂದು ಕಚ್ಚಿ ಕೂರುತ್ತವೆ. ಹಳೆ ಸೀರೆ ಜೊತೆ ಹೊಸ ಬಟ್ಟೆ ಸೇರಿಸುವುದಿದ್ದರೆ ಮೊದಲೇ ಒಗೆದುಬಿಡಿ. ಆಮೇಲೆ ಕುಗ್ಗಿದರೆ ಸುತ್ತಲೂ ಸುಕ್ಕು.

*

ಅಳೆದು ಕತ್ತರಿಸಿದ್ದಕ್ಕೇ ಈ ತಲೆನೋವು ಬಂದಿದ್ದು, ಅಲ್ವಾ? ತಮಾಷೆಗೆ ಹೇಳಿದೆ, ಬೇಜಾರಾಗಬೇಡಿ. ನಮ್ಮ ಅಜ್ಜಿ ಕೌದಿಗೆ ಸಾಲೂ ಇರಲಿಲ್ಲ, ನಂಬರೂ ಇರಲಿಲ್ಲ. ಕೆಳಗೊಂದು ಸೀರೆ ಹಾಸಿ, ತುಂಡಿನ ಅಂಚು ಒಳಗೆ ಮಡಚಿ ಇಟ್ಟಲ್ಲೇ ಹೊಲಿಯುತ್ತಿದ್ದರು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರೂ ಹೀಗೇ ಮಾಡುತ್ತಾರೆ. ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ತುಂಡು ಕೂರಿಸುತ್ತಾ, ಸುತ್ತು ಹಾಕಿ ನಡುವಿಗೆ ಬರುತ್ತಾರೆ. ಮುಗಿದ ಮೇಲೆ ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂವು. ಇಟ್ಟ ತುಂಡು ಆಗಲೇ ಹೊಲಿದಾಗಿರುತ್ತದೆ, ಇನ್ನು ಹಾರುವುದೆಲ್ಲಿ? ಈ ಸಲ 80 ಚೌಕ ಮುಗಿಸಿ. ಮಿಕ್ಕ ಚೂರುಗಳಲ್ಲಿ ಸುಮ್ನೆ ಒಂದು ಸಣ್ಣದು ಹೀಗೆ ಮಾಡಿ ನೋಡಿ.

*

ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ದಾರ ಕತ್ತರಿಸದೆ ಎರಡು ದಿನದಲ್ಲಿ ಐದನೇ ಚೌಕದವರೆಗೂ ಬಂದಿದ್ದೇನೆ. ಫ್ಯಾನ್ ಸ್ವಿಚ್‌ಗೆ ಟೇಪ್ ಅಂಟಿಸಿದ್ದೇನೆ. ಮೊದಲ ಸಲ ಹಾರಿದ ಹಸಿರು ಚೌಕವೊಂದು ಮಾತ್ರ ಇನ್ನೂ ಸಿಕ್ಕಿಲ್ಲ. ಆ ಸೀರೆಯಲ್ಲಿ ಈಗ ಸೆರಗಷ್ಟೇ ಉಳಿದಿದೆ. ಅದನ್ನು ಕತ್ತರಿಸಲು ಮನಸ್ಸಾಗುತ್ತಿಲ್ಲ. ನಾಳೆ ಸೋಫಾ ಸರಿಸಿ ನೋಡಬೇಕು.