‘ಕಳೆದುಹೋದ ಚಿತ್ರ’ ಸರಿಯಾ, ‘ನಾಪತ್ತೆ ಚಿತ್ರ’ ಸರಿಯಾ?

ಗೆಳೆಯರೇ, ಒಂದು ಪದ ಬೇಕಾಗಿದೆ. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1904ರಲ್ಲಿ ‘ಸೆವಿಲ್ಲಿನ ಕ್ಷೌರಿಕ’ ಅಂತ ಒಂದು ಮೂಕಿ ಹಾಸ್ಯಚಿತ್ರ ಮಾಡಿದ್ದರು. ಬೋಮಾರ್ಷೆಯ 1775ರ ನಾಟಕ ಅದಕ್ಕೆ ಮೂಲ. ಅವರ ಕಂಪನಿಯ ಮಾರಾಟದ ಪಟ್ಟಿಯಲ್ಲಿ 606ರಿಂದ 625ರವರೆಗಿನ ನಂಬರು ಪೂರಾ ಇದಕ್ಕೇ. ಉದ್ದ ಜಾಸ್ತಿ ಇದ್ದಷ್ಟೂ ನಂಬರು ಜಾಸ್ತಿ, ಸುಮಾರು 20 ಮೀಟರಿಗೆ ಒಂದು. ಅಂದರೆ ಆ ಕಾಲಕ್ಕೆ ದೊಡ್ಡ ಚಿತ್ರವೇ. ಆದರೆ ಒಂದು ಪ್ರತಿಯೂ ಸಿಕ್ಕಿಲ್ಲ.

ಇಂಥದ್ದಕ್ಕೆ ‘ಕಳೆದುಹೋದ ಚಿತ್ರ’ ಅಂತ ಬರೆಯುವುದು ರೂಢಿ. ನನಗೆ ಹಿಡಿಸುತ್ತಿಲ್ಲ. ಕಳೆದುಹೋಗುವುದು ಕೊಡೆ, ಬೀಗದ ಕೈ. ಇಲ್ಲಿ ಹಾಗಾಗಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯ ಮೆಲಿಯೆಸ್ ಚಿತ್ರಗಳ ನೂರಾರು ಪ್ರತಿಗಳನ್ನು ಕರಗಿಸಿ ಬೆಳ್ಳಿ ತೆಗೆದುಕೊಂಡು, ಸೆಲ್ಯುಲಾಯ್ಡನ್ನು ಬೂಟಿನ ಹಿಮ್ಮಡಿ ಮಾಡೋಕೆ ಬಳಸಿತು. ಉಳಿದ ನೆಗೆಟಿವ್‌ಗಳನ್ನು 1923ರಲ್ಲಿ, ಸಾಲ ತೀರಿಸಲಾಗದೆ ಮೋಂತ್ರೆಯ್‌ನಲ್ಲಿದ್ದ ತಮ್ಮ ಸ್ಟುಡಿಯೋ ಜಾಗ ಬಿಡಬೇಕಾಗಿ ಬಂದಾಗ, ಮೆಲಿಯೆಸ್ ಅವರೇ ಸುಟ್ಟುಹಾಕಿದರು.

ಹಾಗಾದರೆ ‘ನಾಶವಾದ ಚಿತ್ರ’ ಅನ್ನೋಣವೇ? ಅದಕ್ಕೂ ಧೈರ್ಯ ಬರುವುದಿಲ್ಲ. ಪ್ರತಿಗಳು ಹೊರದೇಶಗಳಿಗೂ ಮಾರಾಟವಾಗಿದ್ದವು. ಅವರ ಚಂದ್ರಯಾನದ ಚಿತ್ರದ ಕೈಬಣ್ಣದ ಪ್ರತಿ 1993ರಲ್ಲಿ ಬಾರ್ಸಿಲೋನಾದಲ್ಲಿ ಸಿಗಲಿಲ್ಲವೇ!

ಸಾಹಿತ್ಯ ಚರಿತ್ರೆಯಲ್ಲಿ ರನ್ನನ ‘ಪರಶುರಾಮ ಚರಿತ’ದಂಥವಕ್ಕೆ ‘ಅನುಪಲಬ್ಧ’ ಅನ್ನುತ್ತಾರೆ. ಅರ್ಥ ಕರಾರುವಾಕ್ಕು. ಆದರೆ ಬೋಮಾರ್ಷೆಯ ನಾಟಕ ನೋಡಿ: ಕ್ಷೌರಿಕ ಫಿಗರೊ ಹುಡುಗಿಯ ಪೋಷಕನಾದ ಮುದುಕನಿಗೆ ಕ್ಷೌರ ಮಾಡುತ್ತಾ ಅಡ್ಡ ನಿಂತಿರುತ್ತಾನೆ, ಆ ಕಡೆ ಪ್ರೇಮಿಗಳು ಪಿಸುಗುಟ್ಟುತ್ತಾರೆ. ಚೆನ್ನಾಗಿಯೇ ಇರುವ ಸಂಗೀತದ ಮೇಷ್ಟ್ರು ಬಾಜಿಲ್‌ಗೆ ‘ನಿಮಗೆ ಜ್ವರ, ಹೋಗಿ ಮಲಗಿ’ ಅಂತ ಎಲ್ಲರೂ ಹೇಳುತ್ತಾರೆ, ಕೈಗೆ ದುಡ್ಡಿನ ಚೀಲ ಬಿದ್ದ ಮೇಲೆ ಅವನೂ ಸುಮ್ನೆ ಒಪ್ಪಿಕೊಂಡು ಹೊರಡುತ್ತಾನೆ. ಇದರ ಸಿನಿಮಾಕ್ಕೆ ‘ಅನುಪಲಬ್ಧ’ ಅಂದರೆ ತುಂಬಾ ಬಿಗಿಯಾಯಿತು, ಅಲ್ವಾ?

ನನ್ನ ಒಲವು ‘ನಾಪತ್ತೆ’ಯ ಕಡೆ. ಇತ್ತು, ಈಗ ಕಾಣುತ್ತಿಲ್ಲ, ಸಿಕ್ಕರೂ ಸಿಗಬಹುದು, ಮೂರೂ ಅದರಲ್ಲಿವೆ. ಪೊಲೀಸ್ ಪ್ರಕಟಣೆಯ ವಾಸನೆ ಸ್ವಲ್ಪ ಇದೆ, ಇರಲಿ. ನಮ್ಮ ‘ಸತಿ ಸುಲೋಚನ’ಕ್ಕೆ (1934) ‘ಪ್ರತಿ ಉಳಿದಿಲ್ಲ’ ಅನ್ನುತ್ತೇವೆ. ವಾಕ್ಯದೊಳಗೆ ಅದು ಚೆನ್ನ, ತಲೆಬರಹಕ್ಕೆ ಉದ್ದವಾಗುತ್ತದೆ.

ಹಳೆಯ ರೀಲು, ಓಲೆಗರಿ, ಗ್ರಾಮಫೋನ್ ತಟ್ಟೆ ಹುಡುಕುವವರು ಇಲ್ಲಿದ್ದರೆ, ದಿನಬಳಕೆಯಲ್ಲಿ ನೀವು ಏನನ್ನುತ್ತೀರಿ ಹೇಳಿ.